ಪೂರ್ಣ ಸೂರ್ಯಗ್ರಹಣ ಮತ್ತು ಸತ್ಯವಿಶ್ವಾಸಿಯ ಸಿದ್ಧತೆ

2027ನೇ ಇಸವಿಯ ಆಗಸ್ಟ್ 2, ಸೋಮವಾರ. ಹಿಜರಿ ಲೆಕ್ಕದಲ್ಲಿ 1449ರ ಸಫರ್ ತಿಂಗಳ ಕೊನೆಯ ದಿನಗಳು. ಅಂದು ಝುಹ್‌ರ್ ನಮಾಝಿನ ಬಳಿಕ, ಮಧ್ಯಾಹ್ನ ಒಂದೂಕಾಲು ಮತ್ತು ಒಂದೂವರೆ ಗಂಟೆಯ ನಡುವೆ, ಪವಿತ್ರ ಮಕ್ಕಾ ನಗರದ ಮೇಲೆ ಚಂದ್ರನ ನೆರಳು ಹಾದುಹೋಗುತ್ತದೆ. ಐದು ನಿಮಿಷಕ್ಕಿಂತ ತುಸು ಹೆಚ್ಚು ಕಾಲ ಸೂರ್ಯನು ಪೂರ್ಣವಾಗಿ ಮರೆಯಾಗುತ್ತಾನೆ. ಹರಮ್ ಶರೀಫ್‌ನ ಅಮೃತಶಿಲೆಯ ಮೇಲೆ ಉರಿಯುವ ಬಿಸಿಲು ಕ್ಷಣಮಾತ್ರದಲ್ಲಿ ಆರಿಹೋಗುತ್ತದೆ. ಹಗಲಲ್ಲೇ ನಕ್ಷತ್ರಗಳು ಮೂಡುತ್ತವೆ.

ಇದನ್ನು ಕಣ್ಣಾರೆ ಕಾಣಬೇಕೆಂಬ ಆಸೆ ನಿಮ್ಮಲ್ಲಿ ಮೂಡಿರಬಹುದು. ಜಿದ್ದಾದಲ್ಲಿ ದುಡಿಯುವ ಅಣ್ಣನೋ ಮಗನೋ ನಿಮಗಿದ್ದರೆ ‘ಆ ಹೊತ್ತಿಗೆ ಉಮ್ರಾಕ್ಕೆ ಬನ್ನಿ’ ಎಂಬ ಕರೆಯೂ ಬಂದಿರಬಹುದು. ಆಸೆ ತಪ್ಪಲ್ಲ. ಆಕಾಶ ಭೂಮಿಗಳ ಸೃಷ್ಟಿಯ ಕುರಿತು ಚಿಂತಿಸುವವರನ್ನು ಪವಿತ್ರ ಕುರ್‌ಆನ್ ಹೊಗಳಿದೆ. ಆದರೆ ಸತ್ಯವಿಶ್ವಾಸಿಯ ಯಾವ ಪ್ರಯಾಣವೂ ಬರೀ ತಮಾಷೆ ನೋಡುವ ಪ್ರಯಾಣವಾಗಬಾರದು. ಎಲ್ಲಿಗೆ ಹೋಗಬೇಕು, ಹೇಗೆ ನೋಡಬೇಕು, ಆ ಐದು ನಿಮಿಷಗಳಲ್ಲಿ ಏನು ಮಾಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳದವನು ಕಣ್ಣನ್ನೂ ಹಣವನ್ನೂ ಪುಣ್ಯವನ್ನೂ ಒಟ್ಟಿಗೆ ಕಳೆದುಕೊಳ್ಳುವ ಸಾಧ್ಯತೆ ಇದೆ. ಆದ್ದರಿಂದ ಈ ವಿಷಯವನ್ನು ಒಂದೊಂದಾಗಿ ನೋಡೋಣ.

ಎಲ್ಲವೂ ಲೆಕ್ಕಬದ್ಧ

ಸೂರ್ಯ ಮತ್ತು ಭೂಮಿಯ ನಡುವೆ ಚಂದ್ರನು ಬಂದಾಗ ಸೂರ್ಯಗ್ರಹಣವಾಗುತ್ತದೆ. ಆದ್ದರಿಂದಲೇ ಅದು ಯಾವಾಗಲೂ ಚಾಂದ್ರಮಾನ ತಿಂಗಳ ಕೊನೆಯಲ್ಲಿ, ಅಮಾವಾಸ್ಯೆಯಂದೇ ಸಂಭವಿಸುತ್ತದೆ. ಸೂರ್ಯನ ವ್ಯಾಸ ಚಂದ್ರನ ವ್ಯಾಸಕ್ಕಿಂತ ಸುಮಾರು 400 ಪಟ್ಟು ದೊಡ್ಡದು. ಸೂರ್ಯನು ನಮ್ಮಿಂದ ಇರುವ ದೂರವೂ ಚಂದ್ರನ ದೂರಕ್ಕಿಂತ ಸುಮಾರು 400 ಪಟ್ಟು ಹೆಚ್ಚು. ಹೀಗಾಗಿ ನಮ್ಮ ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರದವಾಗಿ ಕಾಣುತ್ತವೆ. ಚಂದ್ರಬಿಂಬವು ಈ ಅಳತೆಗಿಂತ ತುಸು ಚಿಕ್ಕದಾಗಿ ಕಾಣುವಂತಿದ್ದರೆ ಪೂರ್ಣ ಗ್ರಹಣ ಎಂಬುದೇ ಇರುತ್ತಿರಲಿಲ್ಲ. ಇದನ್ನು ಹೀಗೆ ಅಳೆದಿಟ್ಟವನು ಯಾರೆಂದು ವಿವೇಕಿಗಳು ಕೇಳಿಕೊಳ್ಳಲಿ.

ಸೂರ್ಯ ಚಂದ್ರರು ಒಂದು ನಿಶ್ಚಿತ ಲೆಕ್ಕಕ್ಕೆ ಬದ್ಧರಾಗಿದ್ದಾರೆ ಎಂದು ಸೂರಃ ಅರ್ರಹ್ಮಾನ್ ತಿಳಿಸುತ್ತದೆ. ಆ ಲೆಕ್ಕವನ್ನು ಹುಡುಕಿದವರಲ್ಲಿ ಮುಸ್ಲಿಮ್ ವಿದ್ವಾಂಸರು ಮುಂಚೂಣಿಯಲ್ಲಿದ್ದರು. 929ರಲ್ಲಿ ನಿಧನರಾದ ಅಲ್ ಬತ್ತಾನಿಯವರು ಸೂರ್ಯಬಿಂಬದ ತೋರಿಕೆಯ ಗಾತ್ರ ವರ್ಷದುದ್ದಕ್ಕೂ ಬದಲಾಗುತ್ತದೆಂದೂ ಆದ್ದರಿಂದ ಕೆಲವು ಗ್ರಹಣಗಳು ಬಳೆಯಾಕಾರದಲ್ಲಿ ಕಾಣಬಲ್ಲವೆಂದೂ ತೋರಿಸಿದರು. ಕೈರೋದ ಇಬ್ನು ಯೂನುಸ್‌ರು ದಾಖಲಿಸಿದ ಗ್ರಹಣಗಳ ವಿವರವನ್ನು ಸುಮಾರು ಒಂಬತ್ತು ಶತಮಾನಗಳ ನಂತರವೂ ಯುರೋಪ್, ಅಮೆರಿಕದ ಖಗೋಳ ವಿಜ್ಞಾನಿಗಳು ಚಂದ್ರನ ಚಲನೆಯ ಲೆಕ್ಕಕ್ಕೆ ಬಳಸಿದರು. ಅಲ್ ಬೀರೂನಿಯವರು 1019ರ ಎಪ್ರಿಲ್ 8ರ ಸೂರ್ಯಗ್ರಹಣವನ್ನು ಇಂದಿನ ಅಫ್ಘಾನಿಸ್ತಾನದ ಲಮ್‌ಗಾನ್‌ನಲ್ಲಿ ವೀಕ್ಷಿಸಿ ಬರೆದಿಟ್ಟರು. ಇಬ್ನುಲ್ ಹೈಸಮ್‌ರು ಸಣ್ಣ ರಂಧ್ರದ ಮೂಲಕ ಗ್ರಹಣಗ್ರಸ್ತ ಸೂರ್ಯನ ಬಿಂಬ ಗೋಡೆಯ ಮೇಲೆ ಹೇಗೆ ಮೂಡುತ್ತದೆಂಬುದರ ಕುರಿತೇ ಒಂದು ಪ್ರಬಂಧ ರಚಿಸಿದರು. ಅವರಿಗೆ ಗ್ರಹಣದ ಲೆಕ್ಕ ತಿಳಿದಿತ್ತು. ಗ್ರಹಣದ ನಮಾಝೂ ತಿಳಿದಿತ್ತು. ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ.

2027ರ ಗ್ರಹಣ ಇಷ್ಟು ದೀರ್ಘವಾಗಲು ಕಾರಣವೂ ಲೆಕ್ಕದಲ್ಲೇ ಇದೆ. ಜುಲೈ ಆರಂಭದಲ್ಲಿ ಭೂಮಿಯು ಸೂರ್ಯನಿಂದ ಅತಿ ದೂರದಲ್ಲಿರುತ್ತದೆ. ಆದ್ದರಿಂದ ಆಗಸ್ಟ್ ಆದಿಯಲ್ಲಿ ಸೂರ್ಯಬಿಂಬ ತುಸು ಚಿಕ್ಕದಾಗಿ ಕಾಣುತ್ತದೆ. ಚಂದ್ರನು ಅಂದು ಭೂಮಿಗೆ ಹತ್ತಿರವಿದ್ದು ದೊಡ್ಡದಾಗಿ ಕಾಣುತ್ತಾನೆ. ಈಜಿಪ್ಟಿನ ಲಕ್ಸರ್ ನಗರದ ಸಮೀಪ ಕತ್ತಲೆಯ ಅವಧಿ 6 ನಿಮಿಷ 23 ಸೆಕೆಂಡುಗಳಷ್ಟಿರುತ್ತದೆ. ಇಷ್ಟು ದೀರ್ಘವಾದ ಪೂರ್ಣ ಗ್ರಹಣ ಮತ್ತೆ ಬರುವುದು 2114ರಲ್ಲಿ. ಇಂದು ಈ ಪುಟ ಓದುವವರಲ್ಲಿ ಎಷ್ಟು ಮಂದಿ ಅಲ್ಲಿಯ ತನಕ ಬದುಕಿದ್ದೇವು?

ಪ್ರವಾದಿವರ್ಯರ(ಸ) ಮಾದರಿ

ಪ್ರವಾದಿವರ್ಯರ(ಸ) ಪುತ್ರ, ಹಾಲುಗೂಸು ಇಬ್ರಾಹೀಮ್ ಮದೀನದಲ್ಲಿ ತೀರಿಹೋದ ದಿನವೇ ಸೂರ್ಯಗ್ರಹಣವಾಯಿತು. ಖಗೋಳ ಲೆಕ್ಕಗಾರರು ಅದನ್ನು ಕ್ರಿ.ಶ. 632ರ ಜನವರಿ 27ರ ಗ್ರಹಣವೆಂದು ಗುರುತಿಸಿದ್ದಾರೆ. ಇಬ್ರಾಹೀಮರ ಮರಣದ ದುಃಖದಿಂದ ಸೂರ್ಯನೂ ಕಪ್ಪಾದನೆಂದು ಜನ ಮಾತಾಡಿಕೊಂಡರು. ಮಗನನ್ನು ಮಣ್ಣು ಮಾಡಿ ಬಂದ ತಂದೆಗೆ ಇದು ಸಾಂತ್ವನದ ಮಾತಾಗಬಹುದಿತ್ತು. ಕೀರ್ತಿ ಬಯಸುವವನಾಗಿದ್ದರೆ ಸುಮ್ಮನಿದ್ದರೂ ಸಾಕಿತ್ತು. ಆದರೆ ಪ್ರವಾದಿವರ್ಯರು(ಸ) ಸುಮ್ಮನಿರಲಿಲ್ಲ. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳೆಂದೂ ಯಾರದೇ ಮರಣಕ್ಕಾಗಲಿ ಜನನಕ್ಕಾಗಲಿ ಅವಕ್ಕೆ ಗ್ರಹಣ ಹಿಡಿಯುವುದಿಲ್ಲವೆಂದೂ ಸ್ಪಷ್ಟಪಡಿಸಿದರು. ಗ್ರಹಣ ಕಂಡಾಗ ನಮಾಝ್, ಪ್ರಾರ್ಥನೆ, ಅಲ್ಲಾಹನ ಸ್ಮರಣೆ ಮತ್ತು ದಾನಧರ್ಮಗಳಲ್ಲಿ ತೊಡಗಬೇಕೆಂದು ಕಲಿಸಿದರು.

ಅಂದು ಅಝಾನ್, ಇಕಾಮತ್ ಇರಲಿಲ್ಲ. ನಮಾಝಿಗಾಗಿ ಸೇರಿರೆಂಬ ಕರೆ ಮಾತ್ರ ಕೊಡಲಾಯಿತು. ಹ. ಆಇಶಾರ(ರ) ವರದಿಯಂತೆ ಎರಡು ರಕಅತ್, ಪ್ರತಿ ರಕಅತ್‌ನಲ್ಲಿ ಎರಡು ರುಕೂಅ್, ಬಹಳ ದೀರ್ಘವಾದ ನಿಲ್ಲುವಿಕೆ. ಸ್ತ್ರೀಯರೂ ಪಾಲ್ಗೊಂಡರು. ಹ. ಅಸ್ಮಾರು(ರ) ಬಂದು ಜನರೆಲ್ಲ ಏಕೆ ಸೇರಿದ್ದಾರೆಂದು ವಿಚಾರಿಸಿದಾಗ ನಮಾಝಿನಲ್ಲಿದ್ದ ಆಇಶಾ(ರ) ಆಕಾಶದತ್ತ ಕೈ ತೋರಿಸಿದರು. ಗ್ರಹಣದ ಹೊತ್ತಿನಲ್ಲಿ ಸ್ತ್ರೀಯರನ್ನು ಕತ್ತಲ ಕೋಣೆಯಲ್ಲಿ ಕೂರಿಸುವ ರೂಢಿ ಎಲ್ಲಿಂದ ಬಂತೆಂದು ಇದರ ಬೆಳಕಿನಲ್ಲಿ ಯೋಚಿಸಿರಿ.

ಮೊದಲು ನಿಯ್ಯತ್, ನಂತರ ಟಿಕೆಟ್

ಹೊರಡುವ ಮುನ್ನ ನಿಮ್ಮನ್ನೇ ಪ್ರಶ್ನಿಸಿಕೊಳ್ಳಬೇಕಾದ ಕೆಲವು ವಿಷಯಗಳಿವೆ. ಮನೆಯಲ್ಲಿ ಸಾಲವಿದೆಯೇ? ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಿರುವಾಗ ಆಕಾಶ ನೋಡಲು ವಿಮಾನ ಹತ್ತುವುದು ನ್ಯಾಯವಲ್ಲ. ವೃದ್ಧ ತಂದೆ ತಾಯಿಯ ಔಷಧಿಗೆ, ಮಕ್ಕಳ ಶಾಲೆಯ ಫೀಸಿಗೆ ಇಟ್ಟ ಹಣ ಇದಕ್ಕೆ ಹೋಗುತ್ತಿದೆಯೇ? ಬಡ್ಡಿಯ ಸಾಲ ಎತ್ತಿ ಅಲ್ಲಾಹನ ದೃಷ್ಟಾಂತ ನೋಡಲು ಹೋಗುವುದು ಎಂತಹ ವಿರೋಧಾಭಾಸ! ಹಜ್ಜ್ ಕಡ್ಡಾಯವಾಗಿದ್ದೂ ಇನ್ನೂ ನಿರ್ವಹಿಸದವನು ಮೊದಲು ಅದಕ್ಕಾಗಿ ಕೂಡಿಡಲಿ.

ಈ ಎಲ್ಲವೂ ಸರಿಯಿದ್ದರೆ ಉಮ್ರಾದ ನಿಯ್ಯತ್ತಿನೊಂದಿಗೆ ಹೊರಡಿ. 2027ರ ಹಜ್ಜ್ ಮೇ ತಿಂಗಳಲ್ಲೇ ಮುಗಿಯುವುದರಿಂದ ಆಗಸ್ಟ್ ಉಮ್ರಾ ಯಾತ್ರಿಕರ ಕಾಲ. ಗ್ರಹಣದ ದಿನ ಮೋಡವೋ ಧೂಳೋ ಮುಸುಕಿ ಏನೂ ಕಾಣದೆ ಹೋದರೂ ಉಮ್ರಾದ ನಿಯ್ಯತ್ತಿನಿಂದ ಬಂದವನು ಬರಿಗೈಯಲ್ಲಿ ಮರಳುವುದಿಲ್ಲ.

ಜಿದ್ದಾ, ಮಕ್ಕಾಗಳಲ್ಲಿ ಉದ್ಯೋಗದಲ್ಲಿರುವ ಸಹೋದರರಿಗೂ ಒಂದು ಮಾತು. ಅಂದು ಸೋಮವಾರ, ಕೆಲಸದ ದಿನ. ರಜೆ ಬೇಕಿದ್ದರೆ ಮೊದಲೇ ಕೇಳಿ ಪಡೆಯಿರಿ. ಅನಾರೋಗ್ಯದ ಸುಳ್ಳು ಹೇಳಿ ರಜೆ ಪಡೆದು ಗ್ರಹಣದ ನಮಾಝ್ ಮಾಡುವುದು ಬೇಡ. ಬೇಸಿಗೆಯಲ್ಲಿ, ಜೂನ್ 15ರಿಂದ ಸೆಪ್ಟೆಂಬರ್ 15ರ ವರೆಗೆ, ಮಧ್ಯಾಹ್ನ 12ರಿಂದ 3ರ ತನಕ ತೆರೆದ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ ಸೌದಿಯಲ್ಲಿ ಹಲವು ವರ್ಷಗಳಿಂದ ಇದೆ. ಗ್ರಹಣ ಬರುವುದು ಸರಿಯಾಗಿ ಅದೇ ಹೊತ್ತಿಗೆ. ಕಟ್ಟಡ ಕೆಲಸದ ಬಡ ಸಹೋದರನೂ ಅದನ್ನು ಕಾಣಬಲ್ಲನು. ಅವನಿಗೊಂದು ಗ್ರಹಣ ಕನ್ನಡಕ ತಂದುಕೊಡುವುದು ನಿಮ್ಮ ಅಂದಿನ ದಾನವಾಗಲಿ.

ಎಲ್ಲಿ ನಿಲ್ಲಬೇಕು?

ಪೂರ್ಣ ಗ್ರಹಣ ಎಲ್ಲೆಡೆ ಕಾಣುವುದಿಲ್ಲ. ನೆರಳು ಸುಮಾರು 258 ಕಿಲೋಮೀಟರ್ ಅಗಲದ ಒಂದು ಪಟ್ಟಿಯಂತೆ ಭೂಮಿಯ ಮೇಲೆ ಸಾಗುತ್ತದೆ. ಅಟ್ಲಾಂಟಿಕ್ ಸಾಗರದಲ್ಲಿ ಆರಂಭವಾಗಿ ದಕ್ಷಿಣ ಸ್ಪೇನ್, ಮೊರೊಕ್ಕೊ, ಅಲ್ಜೀರಿಯಾ, ಟುನೀಸಿಯಾ, ಲಿಬಿಯಾ, ಈಜಿಪ್ಟ್‌ಗಳನ್ನು ದಾಟಿ, ಕೆಂಪು ಸಮುದ್ರದ ಮೇಲಿಂದ ಸೌದಿ ಅರೇಬಿಯಾ, ಯಮನ್, ಸೊಮಾಲಿಯಾದ ತುದಿ ತಲುಪಿ ಹಿಂದೂ ಮಹಾಸಾಗರದಲ್ಲಿ ಮುಗಿಯುತ್ತದೆ. ಜಿಬ್ರಾಲ್ಟರ್‌ನಿಂದ ಯಮನ್‌ವರೆಗೆ ಆ ಪಟ್ಟಿಯ ಬಹುಪಾಲು ಅಝಾನ್ ಕೇಳುವ ನಾಡುಗಳೇ ಆಗಿವೆ.

ಈ ಪಟ್ಟಿಯ ನಡುಗೆರೆಗೆ ಹತ್ತಿರವಾದಷ್ಟೂ ಕತ್ತಲೆಯ ಅವಧಿ ಹೆಚ್ಚು. ಜಿದ್ದಾ ನಗರದಲ್ಲಿ ಸುಮಾರು ಆರು ನಿಮಿಷ. ಒಳನಾಡಿನಲ್ಲಿರುವ ಮಕ್ಕಾದಲ್ಲಿ ಐದು ನಿಮಿಷಕ್ಕಿಂತ ತುಸು ಹೆಚ್ಚು. ಮದೀನ ಮುನವ್ವರ ಪಟ್ಟಿಯ ಹೊರಗಿದೆ. ಅಲ್ಲಿ ಸೂರ್ಯನ ಬಹುಭಾಗ ಮರೆಯಾದರೂ ಪೂರ್ಣ ಗ್ರಹಣವಿಲ್ಲ. ನೂರಕ್ಕೆ ತೊಂಬತ್ತು ಭಾಗ ಮರೆಯಾದರೂ ಉಳಿದ ಹತ್ತು ಭಾಗದ ಬೆಳಕು ಹಗಲನ್ನು ಹಗಲಾಗಿಯೇ ಉಳಿಸುತ್ತದೆ. ಆದ್ದರಿಂದ ಯಾತ್ರೆಯ ಗುಂಪಿನಲ್ಲಿ ಹೋಗುವವರು ಆಗಸ್ಟ್ 2ರಂದು ಮಕ್ಕಾದಲ್ಲಿರುತ್ತೇವೆಯೇ ಮದೀನದಲ್ಲಿರುತ್ತೇವೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿ ತಿಳಿಯಬೇಕು.

ಹವಾಮಾನವನ್ನೂ ಗಮನಿಸಬೇಕು. 2009ರ ಜುಲೈ 22ರ ಪೂರ್ಣ ಗ್ರಹಣವನ್ನು ನೋಡಲು ಬಿಹಾರದ ತಾರೇಗ್ನಾದಲ್ಲಿ ಸಾವಿರಾರು ಜನ ಸೇರಿದ್ದರು. ಮಳೆಗಾಲದ ಮೋಡ ಸೂರ್ಯನನ್ನು ಅವರಿಂದ ಮರೆಮಾಚಿತು. ಕತ್ತಲೆ ಬಂದು ಹೋದದ್ದಷ್ಟೇ ಅವರಿಗೆ ತಿಳಿಯಿತು. ಆಗಸ್ಟ್‌ನಲ್ಲಿ ಲಕ್ಸರ್‌ನ ಆಕಾಶ ಮೋಡವನ್ನೇ ಕಾಣದಷ್ಟು ತಿಳಿಯಾಗಿರುತ್ತದೆ. ಮಕ್ಕಾ, ಜಿದ್ದಾಗಳಲ್ಲೂ ಹೆಚ್ಚಿನ ದಿನ ಬಿಸಿಲಿರುತ್ತದೆ, ಧೂಳಿನ ತೊಂದರೆ ಇರಬಹುದು. ಯಮನ್‌ನ ಬೆಟ್ಟಪ್ರದೇಶಕ್ಕೆ ಅದು ಮಳೆಯ ಕಾಲ.

ಬಿಸಿಲಿನ ಬಗ್ಗೆ ಎಚ್ಚರ ಬೇಕು. ಮಕ್ಕಾದಲ್ಲಿ ಆಗಸ್ಟ್‌ನ ಮಧ್ಯಾಹ್ನ ತಾಪಮಾನ 40 ಡಿಗ್ರಿ ದಾಟುತ್ತದೆ. ಗ್ರಹಣ ಮಧ್ಯಾಹ್ನ 12ರ ಆಸುಪಾಸಿನಲ್ಲಿ ಆರಂಭವಾಗುವುದರಿಂದ ಕತ್ತಲೆಗಾಗಿ ಒಂದು ಗಂಟೆಗೂ ಹೆಚ್ಚು ಕಾಯಬೇಕು. ಕೊಡೆ, ನೀರು, ಬಿಳಿ ಬಟ್ಟೆ ಇರಲಿ. ವೃದ್ಧರನ್ನೂ ಮಕ್ಕಳನ್ನೂ ನೆರಳಲ್ಲಿ ಕೂರಿಸಿ, ಕೊನೆಯ ಹತ್ತು ನಿಮಿಷಕ್ಕೆ ಮಾತ್ರ ಹೊರತನ್ನಿ. ಸೂರ್ಯನು ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುವುದರಿಂದ ಎತ್ತರದ ಕಟ್ಟಡಗಳು ಅಡ್ಡ ಬರಲಾರವು. ಆದರೆ ಕತ್ತು ನೋಯುತ್ತದೆ. ಒರಗಿಕೊಳ್ಳಲು ಸ್ಥಳವಿದ್ದರೆ ಒಳ್ಳೆಯದು.

ಟಿಕೆಟ್, ವಸತಿಗಳನ್ನು ಬಹಳ ಮುಂಚೆ ಗೊತ್ತುಪಡಿಸಿ. ಕನಿಷ್ಠ ಎರಡು ದಿನ ಮೊದಲೇ ಸ್ಥಳ ತಲುಪಿ. ಅಂದೇ ಬೆಳಿಗ್ಗೆ ಊರಿಂದೂರಿಗೆ ಹೊರಡುವ ಯೋಜನೆ ಬೇಡ. 2017 ಮತ್ತು 2024ರ ಗ್ರಹಣಗಳ ಬಳಿಕ ಅಮೆರಿಕದಲ್ಲಿ ಹಿಂದಿರುಗುವ ರಸ್ತೆಗಳಲ್ಲಿ ವಾಹನಗಳು ಗಂಟೆಗಟ್ಟಲೆ ನಿಂತುಬಿಟ್ಟಿದ್ದವು. ಗ್ರಹಣ ಬಿಟ್ಟ ತಕ್ಷಣ ಓಡದೆ, ನಮಾಝ್ ಮುಗಿಸಿ ಸಾವಕಾಶವಾಗಿ ಹೊರಡುವವನಿಗೆ ಈ ಕಷ್ಟವಿಲ್ಲ.

ಕಣ್ಣು ಒಂದು ಅಮಾನತ್

ಕಣ್ಣು ಅಲ್ಲಾಹನು ನಮ್ಮ ಬಳಿ ಇಟ್ಟ ಅಮಾನತ್. ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಿದರೆ ಕಣ್ಣಿನ ಒಳಪರದೆ ಸುಟ್ಟುಹೋಗುತ್ತದೆ. ಆ ಪರದೆಗೆ ನೋವು ತಿಳಿಯುವ ನರಗಳಿಲ್ಲ. ಆದ್ದರಿಂದ ಸುಡುವಾಗ ಏನೂ ಅನಿಸುವುದಿಲ್ಲ. ಗಂಟೆಗಳು ಕಳೆದ ಮೇಲೆ ದೃಷ್ಟಿಯ ಮಧ್ಯದಲ್ಲಿ ಕಪ್ಪು ಕಲೆ ಕಾಣಿಸಿಕೊಳ್ಳುತ್ತದೆ. ಕೆಲವರಿಗೆ ಅದು ಜೀವನಪೂರ್ತಿ ಉಳಿಯುತ್ತದೆ.

ಮಸಿ ಹಿಡಿದ ಗಾಜು, ಎಕ್ಸ್‌ರೇ ಫಿಲ್ಮ್, ಸಿಡಿ, ಸಾಮಾನ್ಯ ತಂಪು ಕನ್ನಡಕ, ಇವು ಯಾವುವೂ ಸುರಕ್ಷಿತವಲ್ಲ. ಐಎಸ್‌ಒ 12312-2 ಎಂಬ ಮಾನಕಕ್ಕೆ ಒಳಪಟ್ಟ ಗ್ರಹಣ ಕನ್ನಡಕವನ್ನೋ 14ನೇ ನಂಬರಿನ ವೆಲ್ಡಿಂಗ್ ಗಾಜನ್ನೋ ಬಳಸಬೇಕು. ಗೀರು, ತೂತು ಬಿದ್ದಿದ್ದರೆ ಎಸೆಯಿರಿ. ಗ್ರಹಣ ಕನ್ನಡಕ ಹಾಕಿಕೊಂಡು ದುರ್ಬೀನಿನಲ್ಲಿ ನೋಡಬಾರದು. ದುರ್ಬೀನಿನ ಮುಂದಿನ ಗಾಜಿಗೇ ಬೇರೆ ಫಿಲ್ಟರ್ ಬೇಕಾಗುತ್ತದೆ. ಕೊನೆಯ ವಾರದಲ್ಲಿ ಅಂಗಡಿಗಳಲ್ಲಿ ನಕಲಿ ಮಾಲು ತುಂಬುವುದುಂಟು. ಆದ್ದರಿಂದ ಕೆಲವು ತಿಂಗಳ ಮೊದಲೇ ನಂಬಿಕೆಯ ಕಡೆಯಿಂದ ಖರೀದಿಸಿ.

ಸೂರ್ಯನು ಪೂರ್ತಿ ಮರೆಯಾದಾಗ ಮಾತ್ರ, ಆ ಕೆಲವೇ ನಿಮಿಷ, ಕನ್ನಡಕ ತೆಗೆದು ನೋಡಬಹುದು. ಆಗ ಕಪ್ಪು ಬಿಂಬದ ಸುತ್ತ ಬೆಳ್ಳಿಯಂತೆ ಹರಡಿದ ಪ್ರಭಾವಲಯ ಕಾಣುತ್ತದೆ. ಒಂದು ಅಂಚಿನಲ್ಲಿ ವಜ್ರದ ಹರಳಿನಂತೆ ಬೆಳಕು ಚಿಮ್ಮಿದೊಡನೆ ಮತ್ತೆ ಕನ್ನಡಕ ಧರಿಸಬೇಕು. ಪೂರ್ಣ ಗ್ರಹಣದ ಪಟ್ಟಿಯ ಹೊರಗಿರುವವರಿಗೆ, ಅಂದರೆ ಮದೀನದಲ್ಲಿರುವವರಿಗೂ ನಮ್ಮ ಊರಿನವರಿಗೂ, ಕನ್ನಡಕ ತೆಗೆಯುವ ಗಳಿಗೆಯೇ ಇಲ್ಲ.

ಕನ್ನಡಕ ಸಿಗದವರಿಗೆ ಇಬ್ನುಲ್ ಹೈಸಮ್‌ರ ದಾರಿ ಇದೆ. ರಟ್ಟಿನಲ್ಲಿ ಸೂಜಿಯಿಂದ ಒಂದು ತೂತು ಮಾಡಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬಿಳಿ ಕಾಗದದ ಮೇಲೆ ಬೆಳಕು ಬೀಳಿಸಿರಿ. ಕುಡುಗೋಲಿನಾಕಾರದ ಪುಟ್ಟ ಸೂರ್ಯ ಅಲ್ಲಿ ಮೂಡುತ್ತಾನೆ. ಮನೆಯ ಜರಡಿ ಹಿಡಿದರೆ ನೂರು ಸೂರ್ಯರು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ನಮಾಝೇ, ನೋಟವೇ?

ಇಲ್ಲಿ ಒಂದು ಪ್ರಾಮಾಣಿಕ ಪ್ರಶ್ನೆ ಏಳುತ್ತದೆ. ನಮಾಝಿನಲ್ಲಿ ನಿಂತವನ ದೃಷ್ಟಿ ಸುಜೂದ್‌ನ ಸ್ಥಳದ ಮೇಲಿರಬೇಕು. ಆಕಾಶ ನೋಡುವಂತಿಲ್ಲ. ಹಾಗಾದರೆ ಸಾವಿರಾರು ರೂಪಾಯಿ ಖರ್ಚು ಮಾಡಿ ಬಂದವನು ಆ ಐದು ನಿಮಿಷವನ್ನು ಕಳೆದುಕೊಳ್ಳಬೇಕೇ?

ಗ್ರಹಣದ ನಮಾಝಿನ ಸಮಯ ಆ ಐದು ನಿಮಿಷ ಮಾತ್ರವಲ್ಲ. ಗ್ರಹಣ ಹಿಡಿದಾಗಿನಿಂದ ಪೂರ್ತಿ ಬಿಡುವ ತನಕ, ಅಂದು ಸುಮಾರು ಎರಡೂವರೆ ಗಂಟೆಗೂ ಹೆಚ್ಚಿನ ಅವಕಾಶವಿದೆ. ಸ್ವತಃ ತಮ್ಮ ತಂಗುದಾಣದಲ್ಲಿ ಅಥವಾ ಸಣ್ಣ ಜಮಾಅತ್‌ನಲ್ಲಿ ನಮಾಝ್ ಮಾಡುವವರು ಹೊತ್ತನ್ನು ಹೊಂದಿಸಿಕೊಂಡು, ನಮಾಝನ್ನೂ ನಿರ್ವಹಿಸಿ ದೃಷ್ಟಾಂತವನ್ನೂ ಕಾಣಬಲ್ಲರು. ಆದರೆ ಹರಮ್‌ನ ಜಮಾಅತ್‌ನಲ್ಲಿ ಸೇರಿದವನು ಇಮಾಮರನ್ನು ಅನುಸರಿಸಲೇಬೇಕು. ಸಫ್‌ನಲ್ಲಿ ನಿಂತು ಮೇಲೆ ಕಣ್ಣು ಹಾಯಿಸುವುದಾಗಲಿ, ಫೋನ್ ಎತ್ತಿ ಚಿತ್ರ ತೆಗೆಯುವುದಾಗಲಿ, ನಮಾಝನ್ನು ಅರ್ಧದಲ್ಲಿ ಬಿಟ್ಟು ಅಂಗಳಕ್ಕೆ ಓಡುವುದಾಗಲಿ ಅದಬಿಗೆ ತಕ್ಕುದಲ್ಲ. ಹೊಟ್ಟೆಗಿಲ್ಲದವನು ಹಬ್ಬದೂಟ ಬಿಟ್ಟು ಅದರ ಚಿತ್ರ ತೆಗೆದಂತೆ ಅದು.

ಆದ್ದರಿಂದ ಮೊದಲೇ ತೀರ್ಮಾನಿಸಿಕೊಳ್ಳಿ. ಹರಮ್‌ನ ಜಮಾಅತ್ ನಿಮಗೆ ಒದಗಿದರೆ ಅದನ್ನೇ ಆರಿಸಿಕೊಳ್ಳಿ ಎಂಬುದು ನಮ್ಮ ಸಲಹೆ. ಕತ್ತಲೆ ಕವಿಯುವುದು ಮುಚ್ಚಿದ ಕಣ್ಣಿಗೂ ತಿಳಿಯುತ್ತದೆ. ಗಾಳಿ ತಂಪಾಗುವುದು ಬೆನ್ನಿಗೆ ತಿಳಿಯುತ್ತದೆ. ಮಕ್ಕಾದ ಪಾರಿವಾಳಗಳು ಗೂಡಿಗೆ ಮರಳುವ ಸದ್ದು ಕೇಳಿದರೂ ಕೇಳಬಹುದು. ಕಅಬಾದ ಮುಂದೆ, ಹಗಲಿನ ಕತ್ತಲೆಯಲ್ಲಿ, ಹಣೆ ನೆಲಕ್ಕಿಟ್ಟವನು ಏನನ್ನಾದರೂ ಕಳೆದುಕೊಂಡನೆಂದು ಹೇಳಲು ಸಾಧ್ಯವೇ?

ಊರಲ್ಲಿ ಉಳಿದವರಿಗೆ

ಅಂದು ಕರ್ನಾಟಕದಲ್ಲಿ ಅಸ್ರ್ ವೇಳೆಯ ಆಸುಪಾಸಿನಲ್ಲಿ ಪಾರ್ಶ್ವ ಗ್ರಹಣವಿರುತ್ತದೆ. ಕರಾವಳಿಯಲ್ಲಿ ಮಳೆಗಾಲದ ಮೋಡ ಇರುವ ಸಂಭವವೇ ಹೆಚ್ಚು. ನಮಾಝಿನ ವಿಧಾನದಲ್ಲಿ ಶಾಫಿಈ ಮತ್ತು ಹನಫಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ಶಾಫಿಈ ರೀತಿಯಲ್ಲಿ ಪ್ರತಿ ರಕಅತ್‌ಗೆ ಎರಡು ರುಕೂಅ್ ಮತ್ತು ಕೊನೆಗೆ ಖುತ್ಬಾ. ಹನಫಿ ರೀತಿಯಲ್ಲಿ ಸಾಮಾನ್ಯ ನಮಾಝಿನಂತೆ ಒಂದೇ ರುಕೂಅ್. ಅಸ್ರ್ ನಂತರದ ಹೊತ್ತಿನ ಕುರಿತೂ ಎರಡು ಕಡೆಯ ನಿಲುವು ಬೇರೆ. ಶಾಫಿಈಯರು ಆಗಲೂ ಗ್ರಹಣದ ನಮಾಝ್ ನಿರ್ವಹಿಸುತ್ತಾರೆ, ಹನಫಿಯರು ದುಆದಲ್ಲಿ ತೊಡಗುತ್ತಾರೆ. ಮೋಡ ಕವಿದರೆ ಏನು ಮಾಡಬೇಕೆಂಬುದನ್ನೂ ಸೇರಿಸಿ, ಮಸೀದಿಯ ಖತೀಬರಲ್ಲಿ ಒಂದು ವಾರ ಮೊದಲೇ ಕೇಳಿ ತಿಳಿಯಿರಿ. ಆ ಹೊತ್ತಿನಲ್ಲಿ ವಾದ ಬೇಡ.

ಗ್ರಹಣ ನಮ್ಮ ನಾಡಿಗೆ ಹೊಸತಲ್ಲ. 1980ರ ಫೆಬ್ರವರಿ 16ರಂದು ಅಂಕೋಲ, ಗದಗ, ರಾಯಚೂರುಗಳ ಮೇಲೆ ಪೂರ್ಣ ಗ್ರಹಣ ಹಾದುಹೋಯಿತು. ಹೊರದೇಶಗಳ ವಿಜ್ಞಾನಿಗಳು ಅದನ್ನು ನೋಡಲು ಭಾರತಕ್ಕೆ ಬಂದರು. ನಮ್ಮ ಜನರಲ್ಲಿ ಬಹುಪಾಲು ಮಂದಿ ಬಾಗಿಲು ಮುಚ್ಚಿ ಒಳಗೆ ಕುಳಿತರು. ರಸ್ತೆಗಳು ಬರಿದಾದವು. ಮನೆಬಾಗಿಲಿಗೆ ಬಂದ ದೃಷ್ಟಾಂತವನ್ನು ಭಯ ಮರೆಮಾಡಿತು. 2019ರ ಡಿಸೆಂಬರ್ 26ರಂದು ದಕ್ಷಿಣ ಕನ್ನಡ, ಕೊಡಗು, ಕಾಸರಗೋಡುಗಳಲ್ಲಿ ಬಳೆಯಾಕಾರದ ಗ್ರಹಣ ಕಂಡಾಗ ಪರಿಸ್ಥಿತಿ ಎಷ್ಟೋ ಸುಧಾರಿಸಿತ್ತು. ಆದರೂ ನಮ್ಮ ಮನೆಗಳಿಂದ ಮೌಢ್ಯ ಪೂರ್ತಿ ಹೋಗಿಲ್ಲ. ಗರ್ಭಿಣಿ ತರಕಾರಿ ಹೆಚ್ಚಿದರೆ ಮಗುವಿನ ತುಟಿ ಸೀಳುತ್ತದೆಂದೂ ಮಾಡಿಟ್ಟ ಅನ್ನ ವಿಷವಾಗುತ್ತದೆಂದೂ ನಂಬುವವರು ಇನ್ನೂ ಇದ್ದಾರೆ. ಇದಕ್ಕೆ ಧರ್ಮದ ಆಧಾರವೂ ಇಲ್ಲ, ವಿಜ್ಞಾನದ ಆಧಾರವೂ ಇಲ್ಲ. 2027ರ ಗ್ರಹಣ ಸಫರ್ ತಿಂಗಳಲ್ಲಿ ಬರುತ್ತಿದೆ. ಸಫರ್ ಅಶುಭವೆಂಬ ಭಾವನೆಯನ್ನು ಪ್ರವಾದಿವರ್ಯರೇ(ಸ) ತಳ್ಳಿಹಾಕಿದ್ದಾರೆ. ಎರಡು ಮೌಢ್ಯಗಳು ಒಂದಾಗಿ ಯಾವ ಗರ್ಭಿಣಿಯನ್ನೂ ಕತ್ತಲ ಕೋಣೆಗೆ ತಳ್ಳದಂತೆ ಮನೆಯ ಹಿರಿಯರು ನೋಡಿಕೊಳ್ಳಬೇಕು.

ತಿಳಿದಿರುವ ಗಳಿಗೆ, ತಿಳಿಯದ ಗಳಿಗೆ

ಓದುಗರೇ, ಈ ಗ್ರಹಣದ ಗಳಿಗೆಯನ್ನು ಸೆಕೆಂಡುಗಳ ನಿಖರತೆಯಲ್ಲಿ ಹೇಳಲಾಗಿದೆ. ಅದಕ್ಕಾಗಿ ಜನ ವರ್ಷಗಳ ಮೊದಲೇ ಹಣ ಕೂಡಿಡುತ್ತಾರೆ, ನಕ್ಷೆ ನೋಡುತ್ತಾರೆ, ಕನ್ನಡಕ ಕೊಳ್ಳುತ್ತಾರೆ. ಐದು ನಿಮಿಷಕ್ಕಾಗಿ ಇಷ್ಟು ಸಿದ್ಧತೆ! ಇನ್ನೊಂದು ಗಳಿಗೆಯೂ ನಮಗಾಗಿ ನಿಶ್ಚಯವಾಗಿದೆ. ಅದರ ತಾರೀಕು ಮಾತ್ರ ಯಾವ ಪಂಚಾಂಗದಲ್ಲೂ ಇಲ್ಲ. ಸೂರಃ ಅಲ್ ಕಿಯಾಮಃದಲ್ಲಿ ಚಂದ್ರನು ಕಳೆಗುಂದಿ ಸೂರ್ಯ ಚಂದ್ರರು ಒಂದುಗೂಡಿಸಲ್ಪಡುವ ದಿನದ ಪ್ರಸ್ತಾಪವಿದೆ. ಆ ದಿನದ ಕತ್ತಲೆ ಐದು ನಿಮಿಷಕ್ಕೆ ಬಿಡುವಂತಹದ್ದಲ್ಲ.

ಆಗಸ್ಟ್ 2ಕ್ಕೆ ಸಿದ್ಧರಾಗಿ. ಸಾಲ ತೀರಿಸಿ, ನಿಯ್ಯತ್ ಸರಿಪಡಿಸಿ, ಕಣ್ಣು ಕಾಪಾಡಿಕೊಳ್ಳಿ, ನಮಾಝ್ ಕಲಿತುಕೊಳ್ಳಿ, ದಾನಕ್ಕೆ ಒಂದಿಷ್ಟು ತೆಗೆದಿಡಿ. ಅಲ್ಲಿಯ ವರೆಗೆ ಆಯುಷ್ಯವಿಲ್ಲದೆ ಹೋದರೂ ಈ ಸಿದ್ಧತೆಯಲ್ಲಿ ಯಾವುದೂ ವ್ಯರ್ಥವಾಗದು. ಅಲ್ಲಾಹನು ತನ್ನ ದೃಷ್ಟಾಂತಗಳನ್ನು ಕಂಡು ಪಾಠ ಕಲಿಯುವ ಕಣ್ಣುಗಳನ್ನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.